ಹಾಲುಹಲ್ಲು ನುಡಿದ ಸಾಕ್ಷಿ

ಹಾಲುಹಲ್ಲು ಬಿದ್ದಾಗ ನೀವೇನು ಮಾಡಿದಿರಿ? ಸಗಣಿಯುಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆದಿರಬಹುದು. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಶಾಲೆಗಳಲ್ಲಿ ಉಪಾಧ್ಯಾಯರು ಅಂಥ ಹಲ್ಲುಗಳನ್ನು ಸಂಗ್ರಹಿಸಿದರು. ಕೇಳಿಕೊಂಡವರು ವೈದ್ಯ ಹರ್ಬರ್ಟ್ ನೀಡಲ್‌ಮನ್.

ಏಕೆ ಗೊತ್ತೇ? ಗೋಡೆಯ ಬಣ್ಣದಿಂದಲೋ ಪೆಟ್ರೋಲ್ ಹೊಗೆಯಿಂದಲೋ ಮಗುವಿನ ದೇಹ ಸೇರಿದ ಸೀಸ ರಕ್ತದಲ್ಲಿ ಬಹುಕಾಲ ನಿಲ್ಲದು. ಆದರೆ ಕ್ಯಾಲ್ಸಿಯಂನ ಜಾಗ ಹಿಡಿದು ಮೂಳೆ, ಹಲ್ಲುಗಳಲ್ಲಿ ನೆಲೆಸುತ್ತದೆ. ಹೀಗಾಗಿ ಹಲ್ಲೆಂದರೆ ಹಳೆಯ ಲೆಕ್ಕದ ಪುಸ್ತಕ. ನೀಡಲ್‌ಮನ್ 1979ರಲ್ಲಿ ಅದನ್ನು ಓದಿ ಹೇಳಿದರು: ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು, ನೋಡಲು ಆರೋಗ್ಯವಾಗಿಯೇ ಇದ್ದರೂ, ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು, ಪಾಠದಲ್ಲಿ ಅವರ ಗಮನ ನಿಲ್ಲುತ್ತಿರಲಿಲ್ಲ.

ಈಗ ಕೆಲವು ಅಂಕಿಗಳನ್ನು ಗಮನಿಸಿ. ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸವಿದ್ದರೆ ಎಚ್ಚರ ವಹಿಸಬೇಕು? ಅಮೆರಿಕದಲ್ಲಿ 1960ರ ದಶಕದ ಉತ್ತರ 60. ಅದು 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5ಕ್ಕೆ ಇಳಿಯಿತು. ಸೀಸದ ಗುಣ ಬದಲಾಗಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ. 1980ರಲ್ಲಿ 28 ತೋರಿದ ಮಗುವಿನ ವರದಿ ಎಚ್ಚರಿಕೆಯ ಗೆರೆಯ ಕೆಳಗೇ ಉಳಿಯುತ್ತಿತ್ತು. ಮಗು ಮನೆಗೆ ಹೋಗುತ್ತಿತ್ತು, ಸೀಸವೂ ಅದರೊಂದಿಗೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ.

ಅಳೆದದ್ದರಿಂದಲೇ ಪೆಟ್ರೋಲ್‌ನಿಂದ ಸೀಸವನ್ನು ಹೊರಹಾಕಲು ಬಲ ಬಂತು. ಭಾರತದಲ್ಲಿ ಅದು 2000ದಲ್ಲಿ ಕೈಗೂಡಿತು. ಆದರೆ ಹಳೆಯ ಬಣ್ಣ, ಬ್ಯಾಟರಿ ಕರಗಿಸುವ ಗುಡಿಸಲು ಕುಲುಮೆಗಳು ಇನ್ನೂ ಇವೆ. ಯಾವುದೇ ವರದಿಯಲ್ಲಿ ‘ಸಾಮಾನ್ಯ’ ಎಂಬ ಪದ ಕಂಡಾಗ ಒಂದು ಪ್ರಶ್ನೆ ಕೇಳಿ: ಆ ಗೆರೆಯನ್ನು ಎಳೆದದ್ದು ಯಾವ ವರ್ಷ?