ಡೊನಾಲ್ಡ್ ಕ್ನೂತರೂ ಟೆಕ್ ತಂತ್ರಾಂಶವೂ

ಗ್ರಂಥವನ್ನು ರಚಿಸುವುದು ಪಂಡಿತನ ಕೆಲಸ. ಅಚ್ಚು ಹಾಕುವುದು ಮುದ್ರಣಾಲಯದವರ ಕೆಲಸ. ಬಹುಕಾಲದಿಂದ ನಡೆದುಬಂದ ಈ ಕಾರ್ಯವಿಭಾಗವನ್ನು ಮೀರಿ, ತಮ್ಮ ಗ್ರಂಥದ ಅಂದಗೇಡನ್ನು ಸಹಿಸಲಾರದೆ ಅಕ್ಷರಜೋಡಣೆಯ ವಿದ್ಯೆಯನ್ನೇ ಹೊಸದಾಗಿ ಕಟ್ಟಿದವರು ಅಮೆರಿಕಾ ದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತರು.

1938ರಲ್ಲಿ ಜನಿಸಿದ ಇವರು ಗಣಕಯಂತ್ರದ ಗಣನಕ್ರಮಗಳನ್ನು ಕುರಿತು ಏಳು ಸಂಪುಟಗಳ ಮಹಾಗ್ರಂಥವೊಂದನ್ನು ಸಂಕಲ್ಪಿಸಿ, 1968, 1969, 1973ನೆಯ ಇಸವಿಗಳಲ್ಲಿ ಮೂರನ್ನು ಪ್ರಕಟಿಸಿದರು. (ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾದ ಸಂಖ್ಯಾಶ್ರೇಣಿಯನ್ನು ಗೋಪಾಲ ಹೇಮಚಂದ್ರರು ಆತನಿಗಿಂತ ಮೊದಲೇ ಬಲ್ಲವರಾಗಿದ್ದರೆಂದು ಈ ಗ್ರಂಥವು ಹೇಳಿರುವುದನ್ನು ಛಂದೋವಿದ್ಯಾರ್ಥಿಗಳು ಗಮನಿಸತಕ್ಕದ್ದು.) 1977ರಲ್ಲಿ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು ಕೈಸೇರುವ ವೇಳೆಗೆ ಸೀಸದ ಮೊಳೆಗಳ ಕಾಲವು ಕಳೆದಿತ್ತು. ಛಾಯಾಚಿತ್ರದ ವಿಧಾನದಿಂದ ಮೂಡಿದ ಹೊಸ ಅಕ್ಷರಗಳು ಅವರ ಕಣ್ಣಿಗೆ ವಿಕಾರವಾಗಿ ಕಂಡವು. ಅಕ್ಷರವೆಂಬುದು ಶಾಯಿಯ ಬಿಂದುವು ಇರುವುದು, ಇಲ್ಲದಿರುವುದು ಎಂಬಿಷ್ಟರ ಲೆಕ್ಕವಾದರೆ ಅದು ಗಣಕಪಂಡಿತನ ಅಧಿಕಾರಕ್ಕೇ ಸೇರಿದ್ದೆಂದು ಬಗೆದು, ಗ್ರಂಥವನ್ನು ಬದಿಗಿಟ್ಟು ಕೆಲಸಕ್ಕೆ ಕೈಹಾಕಿದರು. ಬೇಗನೆ ಮುಗಿಯುವುದೆಂದು ಹಿಡಿದ ಕಾರ್ಯವು ಸುಮಾರು ಹತ್ತು ವರ್ಷಗಳನ್ನು ನುಂಗಿತು. ಅದರ ಫಲವೇ ಟೆಕ್. ಕಲೆಯೆಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು.

ಮೊಳೆ ಜೋಡಿಸುವವನು ಒಂದು ಸಾಲು ತುಂಬಿದೊಡನೆ ಮುಂದಿನದಕ್ಕೆ ಹೋಗುವನು. ಟೆಕ್ಕಿನ ಕ್ರಮವೇ ಬೇರೆ. ಅದು ಇಡೀ ವಾಕ್ಯವೃಂದವನ್ನು ಮುಂದಿಟ್ಟುಕೊಂಡು, ಪದಗಳ ನಡುವಣ ತೆರಪು ಹಿಗ್ಗಿದರೆ ಇಷ್ಟು, ಕುಗ್ಗಿದರೆ ಇಷ್ಟು ಎಂದು ದೋಷವನ್ನೆಣಿಸಿ, ಒಟ್ಟು ದೋಷವು ಅತ್ಯಲ್ಪವಾಗುವಂತೆ ಸಾಲುಗಳನ್ನು ಒಡೆಯುವುದು. ಕಡೆಯ ಸಾಲಿನಲ್ಲಿ ಒಂದು ಪದವು ಬದಲಾದರೆ ಮೊದಲನೆಯ ಸಾಲಿನ ಜೋಡಣೆಯೂ ಬದಲಾಗಬಹುದು! ಮೈಕೆಲ್ ಪ್ಲಾಸ್ ಎಂಬವರೊಡನೆ 1981ರಲ್ಲಿ ಬರೆದ ಪ್ರಬಂಧದಲ್ಲಿ ಕ್ನೂತರು ಈ ವಿಧಾನವನ್ನು ಶಾಸ್ತ್ರೋಕ್ತವಾಗಿ ನಿರೂಪಿಸಿದರು. ಸಾಲಿನ ತುದಿಯಲ್ಲಿ ಇಂಗ್ಲಿಷ್ ಪದವನ್ನು ಎಲ್ಲಿ ಮುರಿಯಬೇಕೆಂಬ ಪ್ರಶ್ನೆಯು ಶಿಷ್ಯರಾದ ಫ್ರಾಂಕ್ ಲಿಯಾಂಗರ 1983ರ ಮಹಾಪ್ರಬಂಧಕ್ಕೆ ವಿಷಯವಾಯಿತು. ಹೀಗೆ ಉಪಕರಣವು ಶಾಸ್ತ್ರವನ್ನೂ ಶಾಸ್ತ್ರವು ಉಪಕರಣವನ್ನೂ ಬೆಳೆಸಿದವು.

ಇಷ್ಟು ಶ್ರಮದ ಫಲವನ್ನು ಅವರು ಮಾರಲಿಲ್ಲ. ಮೂಲ ಕ್ರಮವಿಧಿಯನ್ನು ವ್ಯಾಖ್ಯಾನಸಹಿತವಾಗಿ 1986ರಲ್ಲಿ ಪುಸ್ತಕರೂಪದಲ್ಲಿಯೇ ಹೊರತಂದರು. ಯಾರು ಬೇಕಾದರೂ ಅದನ್ನು ಮಾರ್ಪಡಿಸಿಕೊಳ್ಳಬಹುದು. ಆದರೆ ಮಾರ್ಪಡಿಸಿದ್ದಕ್ಕೆ ಟೆಕ್ಕೆಂಬ ಹೆಸರನ್ನು ಇಡಕೂಡದು. ತಪ್ಪನ್ನು ತೋರಿಸಿದವರಿಗೆ ಮೊದಲು 2.56 ಡಾಲರ್ ಬಹುಮಾನ. ಅದು ವರ್ಷವರ್ಷಕ್ಕೆ ಇಮ್ಮಡಿಯಾಗಿ 327.68 ಡಾಲರಿಗೆ ನಿಂತಿತು. ತಮ್ಮ ತಪ್ಪುಗಳ ಪಟ್ಟಿಯನ್ನು, ಎಂಟುನೂರಕ್ಕೂ ಮಿಕ್ಕಿದುದನ್ನು, 1989ರಲ್ಲಿ ತಾವೇ ಪ್ರಕಟಿಸಿದರು. ಸ್ವದೋಷಗಳನ್ನು ಹೀಗೆ ವರ್ಗೀಕರಿಸಿ ಅಚ್ಚು ಹಾಕಿಸುವ ಪಂಡಿತರು ವಿರಳ.

ರೋಮನ್ ಲಿಪಿಗಾಗಿ ಹುಟ್ಟಿದ ಈ ತಂತ್ರಾಂಶಕ್ಕೆ 1991ರಲ್ಲಿ ಹಾಲೆಂಡಿನ ಗ್ರೋನಿಂಗನ್ ವಿಶ್ವವಿದ್ಯಾನಿಲಯದ ಫ್ರಾನ್ಸ್ ವೆಲ್ಟೈಸರು ದೇವನಾಗರಿಯನ್ನು ಅಳವಡಿಸಿದರು. ಅನುಮತಿಯನ್ನು ಬೇಡುತ್ತ ಕಾಯಬೇಕಾದ ಅಗತ್ಯವಿರಲಿಲ್ಲ. ಮುಂದೆ ಕನ್ನಡಕ್ಕೂ ಅಕ್ಷರಗಳು ಸಿದ್ಧವಾದವು.

ಆದರೆ ಮಹಾಗ್ರಂಥದ ಗತಿಯೇನು? ಮೂರನೆಯ ಸಂಪುಟವನ್ನೋದಿ ನಾಲ್ಕನೆಯದಕ್ಕಾಗಿ ಕಾದವರು ಮುದುಕರಾದರು. ಅವರ ಅಸಮಾಧಾನವು ಅನ್ಯಾಯವಲ್ಲ. ವಿಳಂಬಕ್ಕೆ ಶಾಸ್ತ್ರದ ಅತಿವೃದ್ಧಿಯೂ ಕಾರಣವಾದರೂ, ಟೆಕ್ಕಿಗಾಗಿ ವ್ಯಯವಾದ ವರ್ಷಗಳು ನಡುವಯಸ್ಸಿನ ಸತ್ತ್ವಶಾಲಿಯಾದ ವರ್ಷಗಳು. ಕ್ನೂತರು ಅವಧಿಗೆ ಮೊದಲೇ ಅಧ್ಯಾಪಕಪದವಿಯಿಂದ ನಿವೃತ್ತರಾಗಿ ಬರೆವಣಿಗೆಗೆ ಮರಳಿದರು. ನಾಲ್ಕನೆಯ ಸಂಪುಟದ ಮೊದಲ ಭಾಗವು 2011ರಲ್ಲಿಯೂ ಎರಡನೆಯದು 2022ರಲ್ಲಿಯೂ ಹೊರಬಂದವು. ಎರಡೂ ಟೆಕ್ಕಿನಿಂದಲೇ ಜೋಡಿಸಲ್ಪಟ್ಟವು.