ಇಕ್ಕೇರಿಯ ಬೀದಿಗಳೂ ದಾರಿಯ ಹೂಗಳೂ

ಶಿವಮೊಗ್ಗೆಯಿಂದ ಪಶ್ಚಿಮಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ ಆಯನೂರಿನಲ್ಲಿ ದಾರಿಯು ಕವಲೊಡೆಯುವುದು. ಒಂದು ಕವಲು ಹೊಸನಗರದ ಕಡೆಗೂ, ಇನ್ನೊಂದು ಕುಂಸಿ, ಆನಂದಪುರಗಳ ಮೇಲೆ ಸಾಗರಕ್ಕೂ ಹೋಗುತ್ತವೆ. ಎರಡೂ ಕೆಳದಿಯ ನಾಯಕರ ರಾಜಧಾನಿಗಳಿಗೆ ಒಯ್ಯತಕ್ಕವೇ. ಮೊದಲನೆಯದು ಬಿದನೂರಿಗೆ, ಎರಡನೆಯದು ಇಕ್ಕೇರಿಗೆ. ಮುಂಗಾರಿನ ಕಾಲದಲ್ಲಿ ಇಲ್ಲಿಯ ಹಳೆಯ ಮರಗಳ ಕೊಂಬೆಗಳಿಂದ ಸೀತಾಳೆದಂಡೆಯು ಜೋಲುವುದನ್ನೂ, ಭಾದ್ರಪದದ ಹೊತ್ತಿಗೆ ಬೇಲಿಗಳಲ್ಲಿ ಗೌರಿಹೂವು ಕೆಂಡದಂತೆ ಅರಳುವುದನ್ನೂ ಕಾಣದ ಮಲೆನಾಡಿಗರಿಲ್ಲ. ಆದರೆ ಇವಕ್ಕೂ ಚರಿತ್ರೆಗೂ ಸಂಬಂಧವುಂಟೆಂದು ನಾವು ಎಣಿಸುವುದಿಲ್ಲ.

1623ನೆಯ ಇಸವಿಯ ನವೆಂಬರಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ಆಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪನಾಯಕ. ಮೆಣಸಿನ ಆಸೆಯಿಂದ ಸಮುದ್ರದಾಚೆಯ ವರ್ತಕರು ಈ ಅರಸನ ಸ್ನೇಹವನ್ನು ಬಯಸುತ್ತಿದ್ದ ಕಾಲವದು. ಪ್ರವಾಸಿಯು ಊರಿನ ಮನೆಗಳನ್ನು ಹೊಗಳಲಿಲ್ಲ. ಅವು ಅಲ್ಲಲ್ಲಿ ಚದರಿರುವುವೆಂದೂ ಅವುಗಳಲ್ಲಿ ಚೆಲುವಾದವು ಕೆಲವೇ ಎಂದೂ ಹೇಳಿದನು. ಅವನ ಮನಸ್ಸನ್ನು ಸೆಳೆದುದು ಎತ್ತರವಾದ ದಟ್ಟ ಮರಗಳ ನೆರಳಿನಲ್ಲಿ ಸಾಗುವ ದೊಡ್ಡ ಬೀದಿಗಳು, ಊರೊಳಗಿನ ಕೆರೆಗಳು. ಸಂಜೆಯಲ್ಲಿ ಹುಡುಗಿಯರು ಬಿಳಿಯ, ಹಳದಿಯ ಹೂಗಳನ್ನು ಕಿರೀಟದಂತೆ ಮುಡಿದು, ಬಣ್ಣದ ಕೋಲುಗಳನ್ನು ತಾಳಕ್ಕೆ ತಟ್ಟುತ್ತ ಹಾಡಿ ಕುಣಿದುದನ್ನೂ ಬರೆದಿಟ್ಟನು. ಕೋಲಾಟವನ್ನು ಬಲ್ಲ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಆ ತಿಂಗಳು ನಮ್ಮಲ್ಲಿ ಸೇವಂತಿಗೆಯ ಕಾಲವೂ ಹೌದು.

1639ರ ಸುಮಾರಿಗೆ ರಾಜಧಾನಿಯು ಬಿದನೂರಿಗೆ ಹೋಯಿತು. ಟಂಕಸಾಲೆಯೂ ಹೋಯಿತು, ಆದರೂ ಅಲ್ಲಿ ಅಚ್ಚಾದ ನಾಣ್ಯಕ್ಕೆ ಇಕ್ಕೇರಿ ವರಹವೆಂಬ ಹೆಸರೇ ನಿಂತಿತು. 1763ರಲ್ಲಿ ಬಿದನೂರೂ ಹೈದರಾಲಿಯ ಕೈಸೇರಿತು. ಇಂದು ಇಕ್ಕೇರಿಯ ವೈಭವಕ್ಕೆ ಸಾಕ್ಷಿಯಾಗಿ ಉಳಿದಿರುವುದು ಅಘೋರೇಶ್ವರನ ಕಲ್ಲಿನ ಗುಡಿ. ಪೇಟೆಯ ಗದ್ದಲವು ಸಾಗರದ ಅಡಕೆಯ ಮಂಡಿಗಳಿಗೆ ಸೇರಿದೆ.

ನಮ್ಮವರ ಶಾಸನಗಳಲ್ಲಿ ದಾನದತ್ತಿಗಳಿಗೂ ಯುದ್ಧಗಳಿಗೂ ಸ್ಥಳ ದೊರೆಯಿತು; ಬೀದಿಯ ನೆರಳಿಗೆ ದೊರೆಯಲಿಲ್ಲ. ದಿನವೂ ಕಾಣುವುದನ್ನು ಬರೆಯಬೇಕೆಂದು ಯಾರಿಗೆ ತೋಚೀತು? ಪರದೇಶಿಯೊಬ್ಬನು ಬರೆದುದರಿಂದ ನಾಲ್ಕುನೂರು ವರ್ಷಗಳ ಮೇಲೆಯೂ ನಾವು ಆ ನೆರಳನ್ನು ಬಲ್ಲೆವು. ಈಗ ದಾರಿಗಳು ಅಗಲವಾಗುತ್ತಿವೆ, ಅದು ಬೇಡವೆನ್ನಲಾಗದು. ಆದರೆ ಮರವು ಉರುಳಿದರೆ ಅದರ ಕೊಂಬೆಯ ಸೀತಾಳೆದಂಡೆಯೂ ಹೋಗುವುದು. ಆದಕಾರಣ ದಾರಿಯ ಬದಿಯ ಮನೆಯವರು ತಮ್ಮ ಬಾಗಿಲೆದುರಿನ ಮರ ಯಾವುದು, ಹೂವು ಯಾವುದು, ಯಾವ ಮಾಸದಲ್ಲಿ ಅರಳುವುದೆಂಬುದನ್ನು ಒಂದು ಹಾಳೆಯಲ್ಲಾದರೂ ಬರೆದಿಡಬೇಕು. ಮುಂದೆ ಬರುವ ಮಕ್ಕಳಿಗೆ ಅದೂ ಚರಿತ್ರೆಯೇ.