ಕೊಹಿನೂರಿಗೆ ಸಾಣೆ ಹಿಡಿದ 38 ದಿನ

ಕೊಹಿನೂರ್ ಯಾರಿಗೆ ಸೇರಬೇಕು ಅಂತ ಎಲ್ಲರೂ ಬರೆದಾಗಿದೆ. ನನ್ನನ್ನು ಕಾಡೋದು ಇನ್ನೊಂದು ಪ್ರಶ್ನೆ. ನಾವು ವಾಪಸ್ ಕೇಳ್ತಿರೋ ಆ ವಜ್ರ ಈಗ ಇದೆಯಾ?

1849ರಲ್ಲಿ 10 ವರ್ಷದ ಹುಡುಗ ದುಲೀಪ್ ಸಿಂಗನ ಹತ್ತಿರ ಲಾಹೋರ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಬ್ರಿಟಿಷರು ಪಡೆದ ಕಲ್ಲು ಈಗಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್ ಇತ್ತು (ಪುಸ್ತಕಗಳಲ್ಲಿ ಕಾಣುವ 186 ಆಗಿನ ಹಳೆ ಕ್ಯಾರಟ್ಟಿನದು). ಈಗ ಲಂಡನ್ ಟವರಿನಲ್ಲಿರೋದು 105.6 ಕ್ಯಾರಟ್. ಮಿಕ್ಕಿದ್ದು, ಅಂದರೆ ಸುಮಾರು 17 ಗ್ರಾಂ, ಪುಡಿಯಾಗಿ ಹೋಯ್ತು.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ಪಂಜರದಲ್ಲಿಟ್ಟು ತೋರಿಸಿದರು. ಸುತ್ತ ಗ್ಯಾಸ್ ದೀಪ ಇಟ್ಟರೂ ಜನರಿಗೆ ಹೊಳಪು ಸಾಲಲಿಲ್ಲ. ಸಾಲುವುದಾದರೂ ಹೇಗೆ? ಮೊಗಲರ ಕಾಲದ ಸಾಣೆಗಾರರು ತೂಕ ಉಳಿಸುತ್ತಿದ್ದರು. ಅಗಲವಾದ ತಳ, ಮೇಲೆ ಸಣ್ಣ ಸಣ್ಣ ಮುಖಗಳು. ಯುರೋಪಿನವರ ಕಣ್ಣು ಪಳಪಳ ಹುಡುಕುತ್ತಿತ್ತು. ಕಲ್ಲಿನಲ್ಲಿ ದೋಷ ಇರಲಿಲ್ಲ ಅಂತಲ್ಲ, ಆದರೆ ಕೊರತೆ ಇದ್ದದ್ದು ನೋಡುವವರಲ್ಲಿ ಅಂತಲೇ ನನ್ನ ಅಭಿಪ್ರಾಯ.

ರಂಜಿತ್ ಸಿಂಗ್ ಇದನ್ನು ತೋಳಬಂದಿಯಲ್ಲಿ ಧರಿಸುತ್ತಿದ್ದ. ಒಡವೆಯಲ್ಲಿ ಕೂತ ವಜ್ರದ ಗುಣ ತಿಳಿಯೋದು ಕಷ್ಟ. ತೂಕವನ್ನು ಉದ್ದ, ಅಗಲ, ಆಳ ಅಳೆದು ಅಂದಾಜು ಮಾಡಬೇಕು. ಅಂಚಿನ ಒಡಕನ್ನು ಲೋಹ ಮುಚ್ಚಿರುತ್ತೆ, ಚಿನ್ನದ ಹಳದಿ ಕಲ್ಲಿಗೂ ಹತ್ತುತ್ತೆ. ಬಿಚ್ಚಿ ನೋಡಿದ ಮೇಲೂ ಎರಡು ದಾರಿ ಇರುತ್ತೆ: ಗೀರು ಹೋಗುವಷ್ಟೇ ಪಾಲಿಶ್ ಮಾಡೋದು, ಇಲ್ಲಾ ಕೋನಗಳನ್ನೇ ಬದಲಿಸಿ ಹೊಸದಾಗಿ ಕಟ್ ಮಾಡೋದು. ಎರಡನೆಯದಕ್ಕೆ ತೂಕ ತೆರಬೇಕು.

ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಮೊದಲು ಕೇಳಿದ್ದು ವಿಜ್ಞಾನಿ ಡೇವಿಡ್ ಬ್ರೂಸ್ಟರ್‌ನನ್ನು. ಒಳಗೆ ಸಣ್ಣ ಪೊಳ್ಳುಗಳಿವೆ, ಕತ್ತರಿಸಿದರೆ ತುಂಬಾ ತೂಕ ಹೋಗುತ್ತೆ ಅಂತ ಅವನು ಎಚ್ಚರಿಸಿದ. ಆದರೂ ಆಮ್‌ಸ್ಟರ್‌ಡ್ಯಾಮಿನ ಕೋಸ್ಟರ್ ಸಂಸ್ಥೆಯ ಕೆಲಸಗಾರರು ಬಂದರು, ಉಗಿಯಂತ್ರ ಕೂರಿಸಿದರು. 1852ರ ಜುಲೈನಲ್ಲಿ ಮೊದಲ ಮುಖಕ್ಕೆ ಕೈ ಹಾಕಿದ್ದು ಯಾರು ಗೊತ್ತಾ? 83 ವರ್ಷದ ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ! 38 ದಿನ, ಸುಮಾರು 8000 ಪೌಂಡ್ ಖರ್ಚು. ಇಷ್ಟಾದರೂ ಆಲ್ಬರ್ಟ್‌ಗೆ ಸಮಾಧಾನವಾಗಲಿಲ್ಲವಂತೆ.

ನಮ್ಮ ಕೋಡ್‌ಗಾದರೆ ಹಳೇ ವರ್ಶನ್ ಎಲ್ಲೋ ಒಂದು ಕಡೆ ಸಿಕ್ಕೀತು. ಇಲ್ಲಿ ಬ್ಯಾಕಪ್ ಅಂತ ಉಳಿದಿರೋದು ಒಂದು ಪ್ಲಾಸ್ಟರ್ ಅಚ್ಚು.

ಇದು ಹಳೇ ಕಾಲದ ಹುಚ್ಚು ಅಂದುಕೊಳ್ಳಬೇಡಿ. ನಮ್ಮ ಗೋಲ್ಕೊಂಡಾ ಸೀಮೆಯ ನೀಲಿ ವಿಟ್ಟೆಲ್ಸ್‌ಬಾಖ್ ವಜ್ರವನ್ನು 2008ರಲ್ಲಿ ಕೊಂಡ ಲಾರೆನ್ಸ್ ಗ್ರಾಫ್, ಅಂಚಿನ ಒಡಕು ತೆಗೆಸೋ ನೆಪದಲ್ಲಿ 35.56 ಕ್ಯಾರಟ್ ಇದ್ದದ್ದನ್ನು 31.06ಕ್ಕೆ ಇಳಿಸಿದ. ಪ್ರಮಾಣಪತ್ರದಲ್ಲಿ ದರ್ಜೆ ಏರಿತು. 300 ವರ್ಷಕ್ಕೂ ಹಳೆಯ ಸಾಣೆಗಾರನ ಕೈಗುರುತು ಹೋಯ್ತು.

ಇನ್ನು ದುಲೀಪ್. 1854ರಲ್ಲಿ, 15ನೇ ವಯಸ್ಸಿನಲ್ಲಿ, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ಆ ಕಲ್ಲನ್ನು ಅವನ ಕೈಗಿತ್ತಳು. ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದನಂತೆ. ಆಮೇಲೆ ಬಂದು ರಾಣಿಯ ಕೈಗೇ ಇಟ್ಟ.